ಹಳೇ ಪಿಸಿ ರೂಟರ್‌ನಲ್ಲಿ ಓಪನ್‌ವರ್ಟ್ ಎಸ್‌ಕ್ಯೂಎಂ: ಸ್ಪೀಡ್ ಸ್ವಲ್ಪ ಬಿಟ್ಟೆ, ಜಗಳ ನಿಂತಿತು

ಕಾಸು ಕೊಟ್ಟು ತಗೊಂಡ ಸ್ಪೀಡನ್ನು ನಾವೇ ಕಡಿಮೆ ಮಾಡಿಕೊಳ್ಳೋದಾ ಅಂತ ಮನೆಯವಳು ಕೇಳಿದಳು. ಹೌದು, ಅದೇ ಈ ಸಾಫ್ಟ್‌ವೇರ್‌ನ ಕೆಲಸ.

ನಮ್ಮದು 100 ಎಂಬಿಪಿಎಸ್ ಫೈಬರ್. ಕೆಳಗೆ ನಾವು, ಮೇಲೆ ತಮ್ಮನ ಸಂಸಾರ. ಅವನ ಮಗ ಗೇಮ್ ಡೌನ್‌ಲೋಡ್‌ಗೆ ಹಾಕಿದರೆ ನನ್ನ ಆಫೀಸ್ ಕಾಲ್ ತೊದಲುತ್ತಿತ್ತು. ಮೂಲೆಯಲ್ಲಿದ್ದ ಹಳೇ ಐ3 ಪಿಸಿಗೆ ಇನ್ನೊಂದು ಲ್ಯಾನ್ ಕಾರ್ಡ್ ಸಿಕ್ಕಿಸಿ, ರೂಟರ್‌ಗಳಿಗೆಂದೇ ಇರುವ ಲಿನಕ್ಸ್ ಸಿಸ್ಟಂ ಓಪನ್‌ವರ್ಟ್ ಹಾಕಿದೆ. ಅದರ ಮೇಲೆ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್, ಅಂದರೆ ಇಂಟರ್ನೆಟ್ ಸಾಲನ್ನು ನಿಭಾಯಿಸುವ) ಪ್ಯಾಕೇಜ್. ಎರಡೂ ಬಿಟ್ಟಿ.

ತೊಂದರೆ ಇರೋದು ಸ್ಪೀಡಿನಲ್ಲಲ್ಲ, ಸಾಲಿನಲ್ಲಿ. ಲೈನ್ ತುಂಬಿದಾಗ ಪ್ಯಾಕೆಟ್‌ಗಳು (ಡೇಟಾದ ಸಣ್ಣ ತುಂಡುಗಳು) ಇಂಟರ್ನೆಟ್ ಕಂಪನಿಯ ಡಬ್ಬಿಯೊಳಗೆ ಉದ್ದಕ್ಕೆ ಕ್ಯೂ ನಿಲ್ಲುತ್ತವೆ. ಅಲ್ಲಿ ನಮ್ಮ ಮಾತು ನಡೆಯಲ್ಲ. ಮಿತಿಯನ್ನು ಲೈನಿಗಿಂತ ಸ್ವಲ್ಪ ಕೆಳಗಿಟ್ಟರೆ ಆ ಕ್ಯೂ ನಮ್ಮ ಪಿಸಿಗೆ ಬರುತ್ತೆ, ಯಾರು ಮುಂದೆ ಹೋಗಬೇಕು ಅಂತ ನಾವು ಹೇಳಬಹುದು. ಡೌನ್‌ಲೋಡ್ ಪ್ಯಾಕೆಟ್ ಆಗಲೇ ಮನೆಗೆ ಬಂದಾಯ್ತಲ್ಲ, ಇನ್ನೇನು ತಡೆಯೋದು ಅನ್ನಿಸಬಹುದು. ಕೆಲವನ್ನು ಬೀಳಿಸಿದರೆ ಸಾಕು, ಆ ಕಡೆಯ ಸರ್ವರ್ ತಾನಾಗಿ ನಿಧಾನ ಮಾಡುತ್ತೆ.

ಈ ಪಾಲು ಹಂಚುವುದು ಕೇಕ್ ಎಂಬ ಶೆಡ್ಯೂಲರ್. 2018ರಲ್ಲಿ ಲಿನಕ್ಸ್ ಕರ್ನಲ್ 4.19ಕ್ಕೆ ಸೇರಿದ್ದು. ಸೆಟ್ಟಿಂಗ್‌ನಲ್ಲಿ ವ್ಯಾನ್ ಪೋರ್ಟ್ (ಇಂಟರ್ನೆಟ್ ಬರುವ ಕಡೆಯದು) ಆರಿಸಿ, ಡೌನ್‌ಲೋಡ್, ಅಪ್‌ಲೋಡ್ ಎರಡೂ ಕಡೆ 90000 ಬರೆದೆ. ಲೆಕ್ಕ ಕಿಲೋಬಿಟ್‌ನಲ್ಲಿ, ಅಂದರೆ 90 ಎಂಬಿಪಿಎಸ್, ಹುಷಾರು. 0 ಹಾಕಿದರೆ ಆ ಕಡೆ ಮಿತಿಯೇ ಇಲ್ಲ ಅಂತ ಅರ್ಥ. ಸ್ಕ್ರಿಪ್ಟ್ 'ಪೀಸ್ ಆಫ್ ಕೇಕ್'. ಈಗ ಹುಡುಗ ಎಷ್ಟೇ ಎಳೆಯಲಿ, ನನ್ನ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) ಹೆಚ್ಚುಕಮ್ಮಿ ಅಲ್ಲಾಡಲ್ಲ.

ಬೈಗುಳವೂ ಇದೆ. ಒಂದೊಂದು ಸಾಧನಕ್ಕೂ ಸಮಪಾಲು ಬೇಕಂದರೆ ಡೌನ್‌ಲೋಡ್ ಕಡೆ 'ಡ್ಯುಯಲ್-ಡಿಎಸ್‌ಟಿಹೋಸ್ಟ್', ಅಪ್‌ಲೋಡ್ ಕಡೆ 'ಡ್ಯುಯಲ್-ಎಸ್‌ಆರ್‌ಸಿಹೋಸ್ಟ್', ಜೊತೆಗೆ ಮನೆಯೊಳಗಿನ ಸಾಧನಗಳನ್ನು ಬೇರೆಬೇರೆಯಾಗಿ ಗುರುತಿಸಲು 'ನ್ಯಾಟ್' ಅಂತ ಕೈಯಾರೆ ಟೈಪ್ ಮಾಡಬೇಕು, ಅದೂ 'ಅಪಾಯಕಾರಿ' ಅನ್ನುವ ಟಿಕ್ ಹಾಕಿದ ಮೇಲೆ! ಇಷ್ಟು ಉಪಯೋಗದ ವಿಷಯವನ್ನು ಅಷ್ಟು ಒಳಗೆ ಯಾಕೆ ಬಚ್ಚಿಟ್ಟರೋ. ಫೈರ್‌ವಾಲ್ ಪುಟದ ಫ್ಲೋ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಬೇಗ ದಾಟಿಸುವ ಸೌಲಭ್ಯ) ಆಫ್ ಇರಲಿ, ಅದಕ್ಕೂ ಎಸ್‌ಕ್ಯೂಎಂಗೂ ಸರಿಬರಲ್ಲ. ಗಳಿಗೆಗೊಂದು ಸ್ಪೀಡ್ ತೋರಿಸುವ 4ಜಿ ಲೈನಿಗೆ ಒಂದೇ ಅಂಕಿ ಕೂರಿಸುವುದು ಕಷ್ಟ. ಇನ್ನು ಹಗಲೂ ರಾತ್ರಿ ಡೆಸ್ಕ್‌ಟಾಪ್ ಓಡಿದರೆ ಕರೆಂಟ್ ಬಿಲ್ಲೂ ಜಾಸ್ತಿನೇ.

'ಹುಡುಗನಿಗೆ 10 ಎಂಬಿಪಿಎಸ್ ಮಾತ್ರ ಕೊಡು' ಅಂತ ತಮ್ಮ ಹೇಳಿದ. ಅದು ಎಸ್‌ಕ್ಯೂಎಂ ಕೆಲಸವಲ್ಲ, ನನ್ನ ಪ್ರಕಾರ ಬೇಕಾಗಿಯೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಅವನೊಬ್ಬನೇ ಪೂರ್ತಿ ಬಳಸಲಿ ಬಿಡಿ, ಲೈನ್ ಸುಮ್ನೆ ಬಿದ್ದಿರುತ್ತಲ್ವಾ.

ಹಾಕುವವರಿಗೆ ಒಂದು ಮಾತು: ವೈಫೈಗೆ ಹಳೇ ರೂಟರನ್ನೇ ಬಳಸುವುದಾದರೆ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿಡಿ (ಆಗ ಅದು ವೈಫೈ ಮಾತ್ರ ಕೊಡುತ್ತೆ, ರೂಟರ್ ಕೆಲಸ ಮಾಡಲ್ಲ). ಇಲ್ಲದಿದ್ದರೆ ಅದರ ಹಿಂದಿರುವ ಫೋನುಗಳೆಲ್ಲ ಕೇಕ್ ಕಣ್ಣಿಗೆ ಒಂದೇ ಸಾಧನ, ಪಾಲೂ ಒಂದೇ.