ಮಳೆ ಬರುವ ಮೊದಲೇ ಬರೆದ ರಿವ್ಯೂಗಳು: ಒಂದು ಶಾಪಿಂಗ್ ಆ್ಯಪ್ ಜೊತೆ ಆರು ವರ್ಷ

ಆ್ಯಪ್‌ನ ಹೆಸರು ಬರೆಯುವುದಿಲ್ಲ. ನಿಮ್ಮ ಫೋನಿನಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ನಮ್ಮ ಮನೆ ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್, ಆಮೇಲೆ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಕುಕ್ಕರ್ ರಬ್ಬರ್, ಮಿಕ್ಸರ್ ಜಾರ್, ಮಗಳ ಶಾಲೆಯ ಶೂ, ಮಾವನ ಮೊಣಕಾಲಿನ ಬೆಲ್ಟ್, ಎಲ್ಲ ಇದರಲ್ಲೇ ಬಂದಿವೆ. ಡೆಲಿವರಿ ಹುಡುಗ ಡೇರಿಯಲ್ಲಿ ಇಟ್ಟು ಫೋನ್ ಮಾಡುತ್ತಾನೆ: "ಅಕ್ಕಾ, ಪಾರ್ಸೆಲ್ ಡೇರಿಲಿ ಇದೆ." ಅವನ ಬಗ್ಗೆ ನನ್ನದು ಒಂದೂ ದೂರಿಲ್ಲ. ದೂರು ಇರುವುದು ಒಂದು ಮಳೆ ಕೋಟಿನ ಬಗ್ಗೆ, ಅದನ್ನು ನಾನು ಕೊಂಡ ರೀತಿಯ ಬಗ್ಗೆ.

2023ರ ಮೇ ತಿಂಗಳು. 4.4 ನಕ್ಷತ್ರ. 3,999 ರೂಪಾಯಿಗೆ ಗೀಟು ಎಳೆದು ಪಕ್ಕದಲ್ಲಿ 1,299. ಕೆಳಗೆ ಕೆಂಪಕ್ಷರದಲ್ಲಿ "ಇನ್ನು 2 ಮಾತ್ರ ಉಳಿದಿವೆ". ಐದು ನಿಮಿಷದಲ್ಲಿ ಆರ್ಡರ್ ಮಾಡಿಬಿಟ್ಟೆ. ಕೋಟು ಬಂತು. ಬಟ್ಟೆ ದಪ್ಪ, ಜಿಪ್ಪು ಗಟ್ಟಿ. ಮೂರನೇ ದಿನಕ್ಕೆ ಆ್ಯಪ್‌ನಿಂದ ಮೆಸೇಜು, ಹೇಗಿದೆ ಎಂದು. "ಬಟ್ಟೆ ಚೆನ್ನಾಗಿದೆ, ಪ್ಯಾಕಿಂಗ್ ಸೂಪರ್" ಎಂದು ಬರೆದು ಐದು ನಕ್ಷತ್ರ ಕೊಟ್ಟೆ. ಅತ್ತೆ ಒಂದೇ ಮಾತು ಕೇಳಿದ್ದರು: "ಮಳೆಗೆ ಹಾಕ್ಯಂಡು ನೋಡಿದ್ಯನೇ ಕೂಸೇ?"

ನೋಡಿರಲಿಲ್ಲ. ಆ ವರ್ಷ ಮುಂಗಾರು ಕೇರಳಕ್ಕೇ ಜೂನ್ 8ಕ್ಕೆ ಬಂದದ್ದು. ವಾಪಸ್ ಕಳಿಸಲು ಇದ್ದ ಹತ್ತು ದಿನ ಮೇ ತಿಂಗಳಲ್ಲೇ ಮುಗಿದಿತ್ತು.

ಜುಲೈನಲ್ಲಿ ಒಂದು ದಿನ ಮಳೆ ಸ್ವಲ್ಪ ಬಿಟ್ಟಿತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ಜನ ಬಂದಿದ್ದರು. ಅವರಿಗೆ ಚಾ ತೆಗೆದುಕೊಂಡು ತೋಟಕ್ಕೆ ಇಳಿಯುವಾಗ ಮಳೆ ಮತ್ತೆ ಹಿಡಿಯಿತು. ಕೆಳಗಿನ ಸಂಕದ ಹತ್ತಿರ ಹೋಗುವಷ್ಟರಲ್ಲಿ ಎರಡೂ ಹೆಗಲು ತಣ್ಣಗಾದವು. ಬಟ್ಟೆಯಲ್ಲಿ ನೀರು ಇಳಿದಿರಲಿಲ್ಲ, ಹೊಲಿಗೆಯಲ್ಲಿ ಇಳಿದಿತ್ತು. ಎಷ್ಟೇ ಒಳ್ಳೆಯ ಬಟ್ಟೆಯಾದರೂ ಸೂಜಿ ಹೋದಲ್ಲೆಲ್ಲ ತೂತು ಬೀಳುತ್ತದೆ ಅಲ್ವಾ? ಆ ತೂತುಗಳ ಮೇಲೆ ಒಳಗಿನಿಂದ ಟೇಪ್ ಅಂಟಿಸಿರಬೇಕು. ಇದಕ್ಕೆ ಅಂಟಿಸಿರಲಿಲ್ಲ.

ಅವತ್ತು ರಾತ್ರಿ ಜಗುಲಿಯ ಮೂಲೆಯಲ್ಲಿ ಕೂತೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಆ ಕೋಟಿನ ರಿವ್ಯೂಗಳನ್ನು ಒಂದೊಂದಾಗಿ ಓದಿದೆ. ಈ ಸಲ ನಕ್ಷತ್ರ ನೋಡಲಿಲ್ಲ, ತಾರೀಕು ನೋಡಿದೆ. ಮಾರ್ಚ್, ಏಪ್ರಿಲ್, ಮೇ. ಒಬ್ಬರೂ ಮಳೆಯಲ್ಲಿ ಹಾಕಿ ಬರೆದಿಲ್ಲ. ಕೆಲವಂತೂ ಕೋಟಿನವೇ ಅಲ್ಲ, ಅದೇ ಅಂಗಡಿಯವರ ಕೊಡೆಯ ರಿವ್ಯೂ ತಂದು ಸೇರಿಸಿದ್ದರು. ನಡುವೆ ನನ್ನದೂ ಇತ್ತು, ಐದು ನಕ್ಷತ್ರ. ಅದನ್ನು ಓದಿ ಯಾರಾದರೂ ಕೊಂಡಿರಬಹುದು ಎಂದು ನೆನೆದರೆ ಈಗಲೂ ಬೇಜಾರಾಗುತ್ತದೆ.

ಮಾರಿದವರು "ಅವಧಿ ಮುಗಿದಿದೆ" ಎಂದರು. ಆ್ಯಪ್‌ನವರಿಗೆ ಬರೆದ ದೂರಿಗೆ ಉತ್ತರವೇ ಇಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಕೊನೆಗೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಹೇಳಿದೆ. ಮೂರು ವಾರಕ್ಕೆ ದುಡ್ಡು ವಾಪಸ್ ಬಂತು. ಈ ನಂಬರ್ ಬರೆದಿಟ್ಟುಕೊಳ್ಳಿ.

ಆ ಕೆಂಪಕ್ಷರದ ಮೇಲಿನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಮುಂದಿನ ವರ್ಷ ಬೇರೊಂದು ಕೋಟನ್ನು ಕಾರ್ಟ್‌ಗೆ ಹಾಕಿ ಸುಮ್ನೆ ಬಿಟ್ಟೆ. ಹನ್ನೊಂದು ದಿನ, ದಿನಾ ನೋಡಿದೆ. ಹನ್ನೊಂದನೇ ದಿನವೂ "2 ಮಾತ್ರ ಉಳಿದಿವೆ". 2023ರ ನವೆಂಬರ್‌ನಲ್ಲಿ ಸರ್ಕಾರ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳ ಪಟ್ಟಿ ಮಾಡಿ ತಡೆದಿದೆ. ಅದರಲ್ಲಿ ಮೊದಲನೆಯದೇ ಈ ಸುಳ್ಳು ಅವಸರ. ಕೇಳದೆ ಕಾರ್ಟ್‌ಗೆ ಏನಾದರೂ ಸೇರಿಸುವುದು ಎರಡನೆಯದು. ರಿವ್ಯೂಗಳಿಗೂ 2022ರಲ್ಲೇ ಐಎಸ್ 19000 ಎಂಬ ಮಾನದಂಡ ಬಂದಿದೆ. ಬರೆದವರು ನಿಜವಾದ ಗ್ರಾಹಕರೇ ಎಂದು ಪರೀಕ್ಷಿಸಬೇಕು ಎನ್ನುತ್ತದೆ ಅದು. ಒಳ್ಳೆಯದೇ. ಆದರೆ ನನಗೆ ಅಷ್ಟು ಸಾಲದು. ನಾನೂ ನಿಜವಾದ ಗ್ರಾಹಕಳೇ ಆಗಿದ್ದೆ, ಆದರೂ ನಾನು ಬರೆದದ್ದು ತಪ್ಪಾಗಿತ್ತು.

ಇಷ್ಟಾದ ಮೇಲೂ ಆ್ಯಪ್ ತೆಗೆದುಹಾಕಲಿಲ್ಲ. ಅದಕ್ಕೆ ಕಾರಣ ಕೊಡಗಿನವರೊಬ್ಬರ ಮೂರು ಸಾಲು. ಇನ್ನೊಂದು ಕೋಟಿನ ರಿವ್ಯೂಗಳಲ್ಲಿ ಎಷ್ಟೋ ಪುಟ ಕೆಳಗೆ, ಮೂರು ನಕ್ಷತ್ರದವರ ನಡುವೆ ಸಿಕ್ಕಿತು: "ಕಾಫಿ ತೋಟದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಕಿದೆ. ಹೆಗಲು ಸೋರಲಿಲ್ಲ. ಜೇಬಿನಲ್ಲಿ ನೀರು ನಿಲ್ಲುತ್ತದೆ." ಜೊತೆಗೆ ಒಂದು ಫೋಟೋ, ಕೋಟನ್ನು ಒಳಮಗ್ಗುಲು ತಿರುವಿ ಹೊಲಿಗೆಯ ಟೇಪ್ ಕಾಣುವ ಹಾಗೆ ತೆಗೆದದ್ದು. ಸಾವಿರಾರು ಜನರ ನಕ್ಷತ್ರಕ್ಕಿಂತ ನನಗೆ ಅದು ಜಾಸ್ತಿ. 2,150 ರೂಪಾಯಿ, ನನ್ನ ಲೆಕ್ಕಕ್ಕೆ ದುಬಾರಿ. ಆದರೂ ತರಿಸಿದೆ.

ಬಂದ ದಿನವೇ ಪರೀಕ್ಷೆ. ಕೋಟಿನೊಳಗೆ ಹಳೆ ಪೇಪರ್ ಹರಡಿ, ತೋಳಿನಲ್ಲೂ ತುರುಕಿ, ಅಂಗಳದ ಹಗ್ಗಕ್ಕೆ ನೇತುಹಾಕಿದೆ. ತೋಟಕ್ಕೆ ನೀರು ಬಿಡುವ ಪೈಪ್ ಹಿಡಿದು ಇಪ್ಪತ್ತು ನಿಮಿಷ ನೀರು ಬಿಟ್ಟೆ. ಮಗಳು ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದಳು. ಆಮೇಲೆ ಪೇಪರ್ ಒಂದೊಂದಾಗಿ ತೆಗೆದು ಜಗುಲಿಯ ಮೇಲೆ ಹರಡಿದೆವು. ಎಲ್ಲ ಒಣಗಿದ್ದವು, ಕುತ್ತಿಗೆಯ ಹತ್ತಿರದ್ದು ಮಾತ್ರ ಅಂಗೈಯಗಲ ಒದ್ದೆ. ಜೇಬು, ಅವರು ಹೇಳಿದ ಹಾಗೇ, ತುಂಬಿತ್ತು. ಈಗ ಬ್ಯಾಗು, ಶೂ, ಟಾರ್ಪಾಲು, ಮಳೆಗೆ ಬೇಕಾದ ಯಾವುದನ್ನು ತರಿಸಿದರೂ ಈ ಪೇಪರ್ ಪರೀಕ್ಷೆ ಆಗಲೇಬೇಕು, ಅದೂ ವಾಪಸ್ ಅವಧಿ ಮುಗಿಯುವ ಮೊದಲು.

ಕೋಟಿಗೆ ಎರಡು ಮಳೆಗಾಲ ಕಳೆದಿದೆ. ಎಡತೋಳಿನ ಟೇಪ್ ತುದಿ ಏಳುತ್ತಿದೆ, ಉಳಿದದ್ದು ಸರಿಯಿದೆ. ಬಂದ ಹೊಸತರಲ್ಲಿ ರಿವ್ಯೂ ಬರೆಯಲಿಲ್ಲ. ಮೊದಲ ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಬರೆದೆ, ಈ ಅಕ್ಟೋಬರ್‌ನಲ್ಲಿ ತಿದ್ದಿ ತೋಳಿನ ಫೋಟೋ ಸೇರಿಸಿದೆ. ನಾಲ್ಕು ನಕ್ಷತ್ರ. ಕಳೆದ ವಾರ ಯಾರೋ ಅದರ ಕೆಳಗೆ ಕೇಳಿದ್ದರು, ಸ್ಕೂಟಿಯಲ್ಲಿ ಹೋಗುವಾಗ ಟೊಪ್ಪಿ ನಿಲ್ಲುತ್ತದಾ ಎಂದು. ಜಗುಲಿಗೆ ಹೋಗಿ ಉತ್ತರ ಬರೆದೆ: ದಾರ ಬಿಗಿಯಾಗಿ ಕಟ್ಟಿದರೂ ನಿಲ್ಲುವುದಿಲ್ಲ, ಹೆಲ್ಮೆಟ್ ಒಳಗೆ ಹಾಕಿಕೊಂಡರೆ ಪರವಾಗಿಲ್ಲ.