ಆಕ್ಟಿನ್ ಜಾಲದ ಕಿಟ್: ಪ್ರೋಟೀನು ಚೆನ್ನಾಗಿದೆ, ಕೈಪಿಡಿ ಸಾಲದು

ಜೀವಕೋಶಕ್ಕೆ ಬಿಗಿ ಎಲ್ಲಿಂದ ಬರುತ್ತದೆ ಎಂಬುದನ್ನು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ರಿಯೋಮೀಟರ್ (ಮೆತ್ತನೆಯ ವಸ್ತುವಿನ ಬಿಗಿ ಅಳೆಯುವ ಯಂತ್ರ) ಮೇಲೆ ತೋರಿಸುವುದಕ್ಕೆ ಈ ಕಿಟ್ ಸಾಕು. ಪೆಟ್ಟಿಗೆಯಲ್ಲಿ ಜೀವಕೋಶದೊಳಗೆ ತಂತುಗಳ ಚೌಕಟ್ಟು ಕಟ್ಟುವ ಪ್ರೋಟೀನಾದ ಆಕ್ಟಿನ್, ಮೊಲದ ಸ್ನಾಯುವಿನದು, 250 ಮೈಕ್ರೋಗ್ರಾಂನ ನಾಲ್ಕು ಸೀಸೆ, ಅಡ್ಡಕೊಂಡಿ ಹಾಕುವ ಆಲ್ಫಾ ಆಕ್ಟಿನಿನ್ 50 ಮೈಕ್ರೋಗ್ರಾಂನ ಒಂದು ಸೀಸೆ, ಜೊತೆಗೆ ಎರಡು ಬಫರ್: ಆಕ್ಟಿನನ್ನು ಬಿಡಿಬಿಡಿಯಾಗಿ ಕರಗಿಸಿಡುವ ಜಿ-ಬಫರ್, ತಂತು ಬೆಳೆಸುವ ಲವಣದ ಬಫರ್. ಪ್ರೋಟೀನು ಎರಡೂ ಒಣಪುಡಿ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಡ್ರೈ ಐಸ್ ಇಲ್ಲದೆ ಬಂದರೂ ತೊಂದರೆಯಿಲ್ಲ. ಮಳೆಗಾಲದಲ್ಲಿ ಕರೆಂಟ್ ನೆಚ್ಚಿಕೊಳ್ಳಲಾಗದ ತೀರ್ಥಹಳ್ಳಿ, ಹೊಸನಗರದ ಕಡೆಯ ಕಾಲೇಜುಗಳಿಗೆ ಇದು ಸಣ್ಣ ಅನುಕೂಲವಲ್ಲ.

ಪುಡಿಗೆ ತೇವ ಮಾತ್ರ ಆಗದು. ಆಷಾಢದ ಹವೆಯಲ್ಲಿ ಫ್ರಿಜ್‌ನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚಿದರೆ ಒಳಗೆ ಹನಿ ಕಟ್ಟಿ, ಪುಡಿ ಜಿಗುಟಾಗಿ ಗಾಜಿಗೆ ಅಂಟುತ್ತದೆ. ಸೀಸೆಯನ್ನು ಸಿಲಿಕಾ ಜೆಲ್ ಡಬ್ಬಿಯಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಕೈಪಿಡಿಯಲ್ಲಿ ಈ ಮಾತೇ ಇಲ್ಲ.

ಅಳತೆಯ ಲೆಕ್ಕವನ್ನೂ ನಾವೇ ಹಾಕಬೇಕು. ಜೆಲ್ಲಿನ ಮೇಲೆ ಕೂತು ಅದನ್ನು ತಿರುಚುವ ರಿಯೋಮೀಟರಿನ ಶಂಕುವೇ ಕೋನ್. 20 ಮಿ.ಮೀ., 1 ಡಿಗ್ರಿ ಕೋನ್‌ಗೆ 37 ಮೈಕ್ರೋಲೀಟರ್ ಹಿಡಿಸುತ್ತದೆ, 40 ತಯಾರಿಸಿಕೊಳ್ಳಿ. ಒಂದು ಸೀಸೆ ಆಕ್ಟಿನನ್ನು 125 ಮೈಕ್ರೋಲೀಟರ್ ತಣ್ಣನೆಯ ಜಿ-ಬಫರ್‌ನಲ್ಲಿ ಕರಗಿಸಿ ಐಸ್ ಮೇಲೆ ಒಂದು ಗಂಟೆ ಬಿಟ್ಟರೆ ಮಿ.ಲೀ.ಗೆ 2 ಮಿ.ಗ್ರಾಂ ಆಯಿತು. ಆಲ್ಫಾ ಆಕ್ಟಿನಿನ್‌ಗೆ 100 ಮೈಕ್ರೋಲೀಟರ್ ಹಾಕಿ. 40 ಮೈಕ್ರೋಲೀಟರ್ ಬೆರಕೆಗೆ ಆಕ್ಟಿನ್ 20, ಜಿ-ಬಫರ್ 12, ಆಲ್ಫಾ ಆಕ್ಟಿನಿನ್ 4, ಕಟ್ಟಕಡೆಗೆ ಹತ್ತು ಪಟ್ಟು ಗಟ್ಟಿಯ ಲವಣದ ಬಫರ್ 4. ಇಷ್ಟಾದರೆ ಸುಮಾರು ನೂರು ಆಕ್ಟಿನ್‌ಗೆ ಒಂದು ಕೊಂಡಿ. ಲವಣ ಬಿದ್ದ ಗಳಿಗೆಯಿಂದಲೇ ತಂತು ಬೆಳೆಯತೊಡಗುತ್ತದೆ, ಆದ್ದರಿಂದ ಒಂದು ನಿಮಿಷದೊಳಗೆ ತಟ್ಟೆಗೆ ಸುರಿಯಿರಿ. ಟ್ಯೂಬಿನಲ್ಲೇ ಜೆಲ್ ಆದಮೇಲೆ ಪಿಪೆಟ್‌ನಲ್ಲಿ ಎಳೆದರೆ ಜಾಲ ಹರಿದುಹೋಗಿ, ಅಳೆಯಲು ಉಳಿಯುವುದು ಅದರ ಚೂರುಗಳು ಮಾತ್ರ.

ಕಿಟ್‌ನ ನಿಜವಾದ ಕೊರತೆ ಆ ಲವಣದ ಬಫರ್‌ನಲ್ಲಿದೆ. ಇಲ್ಲಿ ಕೊಟ್ಟಿರುವ ಆಲ್ಫಾ ಆಕ್ಟಿನಿನ್ ಸ್ನಾಯುವಿನದಲ್ಲ, ಕ್ಯಾಲ್ಸಿಯಂ ಇದ್ದರೆ ಅದರ ಹಿಡಿತ ಸಡಿಲವಾಗುತ್ತದೆ. ಜಿ-ಬಫರ್‌ನಲ್ಲಿ 0.2 ಮಿಲಿಮೋಲಾರ್ ಕ್ಯಾಲ್ಸಿಯಂ ಇದೆ, ಅದನ್ನು ಹಿಡಿದಿಡುವ ಇಜಿಟಿಎ ಎಲ್ಲೂ ಇಲ್ಲ. ಕೊಂಡಿ ಹಾಕಿದ ಜೆಲ್ಲಿಗೂ ಹಾಕದ ಜೆಲ್ಲಿಗೂ ವ್ಯತ್ಯಾಸವೇ ಕಾಣದೆ ಪ್ರೋಟೀನು ಕೆಟ್ಟಿದೆ ಎಂದುಕೊಳ್ಳುವವರು ಮೊದಲು ಇಲ್ಲಿ ನೋಡಬೇಕು. ಲವಣದ ಬಫರ್‌ಗೆ 10 ಮಿಲಿಮೋಲಾರ್ ಆಗುವಷ್ಟು ಇಜಿಟಿಎ ಸೇರಿಸಿ. ಜೆಲ್‌ನಲ್ಲಿ 1 ಉಳಿಯುತ್ತದೆ.

ಅಡಿಕೆ ದಬ್ಬೆಯ ಚಪ್ಪರವನ್ನು ನೆನೆಸಿಕೊಳ್ಳಿ. ದಬ್ಬೆ ಎಷ್ಟೇ ಗಟ್ಟಿಯಿದ್ದರೂ ಗಂಟು ಬಿಗಿಯದಿದ್ದರೆ ಒಂದರ ಮೇಲೊಂದು ಜಾರುತ್ತದೆ. ಆಕ್ಟಿನ್ ತಂತು ಬರೀ 7 ನ್ಯಾನೋಮೀಟರ್ ದಪ್ಪ, ಆದರೂ ಸುಮಾರು 17 ಮೈಕ್ರೋಮೀಟರ್‌ವರೆಗೆ ನೆಟ್ಟಗೆ ನಿಲ್ಲುತ್ತದೆ, ಮಿ.ಲೀ.ಗೆ 1 ಮಿ.ಗ್ರಾಂ ಇದ್ದಾಗ ಜಾಲದ ಕಣ್ಣು ಸುಮಾರು 0.3 ಮೈಕ್ರೋಮೀಟರ್. ಕೊಂಡಿಗಳ ನಡುವಿನ ತುಣುಕು ಶಾಖಕ್ಕೆ ಸದಾ ನಡುಗುತ್ತ ಸಣ್ಣಗೆ ಬಳುಕಿರುತ್ತದೆ. ಎಳೆದಾಗ ಮೊದಲು ಆ ಬಳುಕು ನೆಟ್ಟಗಾಗಬೇಕು, ಅದು ಮುಗಿಯುತ್ತಿದ್ದಂತೆ ಜೆಲ್ ಇದ್ದಕ್ಕಿದ್ದಂತೆ ಬಿರುಸಾಗುತ್ತದೆ. ಆದರೆ ಆಲ್ಫಾ ಆಕ್ಟಿನಿನ್ ಗಂಟು ಬಿಚ್ಚಿ ಕಟ್ಟಿಕೊಳ್ಳುವ ಜಾತಿಯದು: ಬೇಗ ಎಳೆದರೆ ಜೆಲ್ ಗಟ್ಟಿ, ನಿಧಾನಕ್ಕೆ ಎಳೆದರೆ ಹರಿಯುತ್ತದೆ. ಇದು 1987ರಲ್ಲೇ ಪ್ರಕಟವಾದ ವಿಷಯ. ಹಾಗಾಗಿ 0.01 ಮತ್ತು 10 ಹರ್ಟ್ಜ್ ಎರಡರಲ್ಲೂ ಅಳೆಯದೆ ಒಂದೇ ಸಂಖ್ಯೆ ಬರೆದಿಟ್ಟರೆ ಅದಕ್ಕೆ ಅರ್ಥವಿಲ್ಲ. ಬಿರುಸಾಗುವುದನ್ನೇ ಸ್ಪಷ್ಟವಾಗಿ ನೋಡಬೇಕೆನ್ನುವವರು ಬಯೋಟಿನ್ ಹಚ್ಚಿದ ಆಕ್ಟಿನ್, ಅದಕ್ಕೆ ಸುಲಭಕ್ಕೆ ಬಿಚ್ಚದ ಗಂಟು ಹಾಕುವ ನ್ಯೂಟ್ರಾವಿಡಿನ್ ಬೇರೆ ತರಿಸಿಕೊಳ್ಳುವುದು ಲೇಸು.

ಮೊದಲ ಒಂದು ಗಂಟೆ 1% ಎಳೆತ, 0.5 ಹರ್ಟ್ಜ್‌ನಲ್ಲಿ ಬಿಗಿ ಏರಿ ನಿಲ್ಲುವವರೆಗೆ ಕಾಯಿರಿ. ಕೋನ್ ಅಂಚಿಗೆ ಸುತ್ತ ಟ್ವೀನ್-20 (ಸಾಬೂನಿನಂಥ ವಸ್ತು) ಬೆರೆಸಿದ ಬಫರ್ ಹಚ್ಚದಿದ್ದರೆ, ಗಾಳಿ ತಾಗುವಲ್ಲಿ ಪ್ರೋಟೀನಿನ ಕೆನೆ ಕಟ್ಟಿ ಇಲ್ಲದ ಬಿಗಿ ತೋರುತ್ತದೆ. ಮಳೆಗಾಲವಾದರೂ ಆವಿ ತಡೆಯುವ ಮುಚ್ಚಳ ಹಾಕಿ, ಎಸಿ ಕೋಣೆಯ ಗಾಳಿ ಒಣಗಾಳಿಯೇ.

ಹಳೆಯ ರಿಯೋಮೀಟರ್ ಇರುವವರು ಕೊಳ್ಳುವ ಮೊದಲು ಯೋಚಿಸಿ. 1 ಪಾಸ್ಕಲ್ ಜೆಲ್ಲನ್ನು ಈ ಕೋನ್‌ನಲ್ಲಿ 1% ಎಳೆದರೆ ಸಿಗುವ ತಿರುಚುಬಲ ಸುಮಾರು 21 ನ್ಯಾನೋ ನ್ಯೂಟನ್-ಮೀಟರ್ ಅಷ್ಟೇ. ಕೊಂಡಿ ಹಾಕದ ಜೆಲ್ ಇನ್ನೂ ಮೆದು. 40 ಮಿ.ಮೀ. ಕೋನ್ ಹಾಕಿದರೆ ಓದಬಹುದು, ಆದರೆ 290 ಮೈಕ್ರೋಲೀಟರ್ ಬೇಕಾಗಿ ಒಂದೇ ಸಲಕ್ಕೆ ಒಂದು ಸೀಸೆಗಿಂತ ಹೆಚ್ಚು ಖರ್ಚು. ಚಿಕ್ಕ ಕೋನ್‌ನಲ್ಲಾದರೆ ಸೀಸೆಗೆ ಆರು ಸಲ, ಕೈಚೆಲ್ಲು ಕಳೆದು ಐದು. ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ, ಐದೂ ಅದೇ ದಿನ ಮುಗಿಯಲಿ.