ದಾವಣಗೆರೆಯಲ್ಲಿ ಏಳು ಸೀಟಿನ ಡೀಸೆಲ್ ಎಸ್‌ಯುವಿ: ಬುಕ್ ಮಾಡೋ ಮುಂಚೆ ನಿಮ್ಮ ಓಡಾಟ ಲೆಕ್ಕ ಹಾಕಿ

ನಮ್ಮ ಮನೆಯಲ್ಲಿರೋದು ಮಹೀಂದ್ರ ಎಕ್ಸ್‌ಯುವಿ 700. ಡೀಸೆಲ್, ಮ್ಯಾನ್ಯುಯಲ್ ಗೇರ್, ಏಳು ಸೀಟು, ಎಎಕ್ಸ್5 ವೇರಿಯಂಟ್, 2022ರದ್ದು. ಗಾಡಿ ಚೆನ್ನಾಗಿದೆ. ನಾಳೆ ಮತ್ತೆ ತಗೊಳ್ಳಬೇಕಾದರೂ ಇಂಥದ್ದನ್ನೇ ತಗೊಳ್ತೀನಿ. ಆದರೂ ಯಾರಾದರೂ ಬಂದು "ನಾವೂ ಇದನ್ನೇ ನೋಡ್ತಿದ್ದೀವಿ ಅಣ್ಣಾ, ಹೆಂಗೈತಿ?" ಅಂತ ಕೇಳಿದರೆ ನಾನು ತಕ್ಷಣ ತಗೊಳ್ಳಿ ಅನ್ನೋದಿಲ್ಲ. ವಾರಕ್ಕೆ ಎಷ್ಟು ಸಲ ಹೈವೇ ಹತ್ತುತ್ತೀರಿ, ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ, ಈ ಎರಡನ್ನ ಮೊದಲು ಕೇಳ್ತೀನಿ. ಯಾವ ಎಂಜಿನ್, ಯಾವ ವೇರಿಯಂಟ್, ಯಾವ ಟೈರ್ ಅನ್ನೋದೆಲ್ಲ ಆ ಎರಡು ಉತ್ತರದ ಮೇಲೆ ನಿಂತಿದೆ. ಶೋರೂಮಲ್ಲಿ ಈ ಪ್ರಶ್ನೆ ಯಾರೂ ಕೇಳೋದಿಲ್ಲ. ಅಲ್ಲಿ ಸನ್‌ರೂಫ್ ತೆಗೆದು ತೋರಿಸ್ತಾರೆ.

ಮೊದಲು ಎಂಜಿನ್ ವಿಷಯ. ನಮ್ಮದು 2.2 ಲೀಟರ್ ಡೀಸೆಲ್, 185 ಪಿಎಸ್, 420 ಎನ್‌ಎಂ ಟಾರ್ಕ್. ಮನೆಮಂದಿಯೆಲ್ಲ ಕೂತು, ಮೇಲೆ ಎರಡು ಚೀಲ ಸಾಮಾನು ಹಾಕಿಕೊಂಡು ಬೆಂಗಳೂರಿಗೆ ಹೊರಟರೂ ದಾರಿಯಲ್ಲಿ ಏರು ಬಂದದ್ದೇ ಗೊತ್ತಾಗೋದಿಲ್ಲ. ಹೈವೇಯಲ್ಲಿ ಲೀಟರಿಗೆ 15-16 ಕೊಡುತ್ತೆ, ಊರೊಳಗೆ 11ರ ಆಸುಪಾಸು. 60 ಲೀಟರ್ ಟ್ಯಾಂಕು. ಬೆಂಗಳೂರಿಗೆ ಹೋಗಿ ಬರೋಕೆ ಒಂದೇ ಸಲ ತುಂಬಿಸಿದರೆ ಸಾಕು.

ಈ ಡೀಸೆಲ್ ಎಂಜಿನ್ನಿಗೆ ಒಂದು ಸ್ವಭಾವ ಇದೆ. ಹೊಗೆ ಕಮ್ಮಿ ಮಾಡೋಕೆ ಅಂತ ಬಿಎಸ್6 ನಿಯಮ ಬಂದ ಮೇಲೆ ಸೈಲೆನ್ಸರ್ ಪೈಪಿನಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಹೊಗೆಯ ಮಸಿಯನ್ನ ಅದು ಹಿಡಿದಿಟ್ಟುಕೊಳ್ಳುತ್ತೆ. ತುಂಬಿದಾಗ ಎಂಜಿನ್ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಬಿಸಿ ಏರಿಸಿ, ಆ ಮಸಿಯನ್ನ ಸುಟ್ಟು ಹಾಕುತ್ತೆ. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು, ಗಾಡಿ ಒಂದೇ ಹದದ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಈಗ ನಮ್ಮೂರಿನ ಓಡಾಟ ನೋಡಿ. ವಿದ್ಯಾನಗರದಿಂದ ಮಕ್ಕಳ ಸ್ಕೂಲು, ಅಲ್ಲಿಂದ ಪಿ.ಜೆ. ಬಡಾವಣೆ, ಮಂಡಿಪೇಟೆ, ಮತ್ತೆ ಮನೆ. ಎಲ್ಲಾ ಎರಡು ಮೂರು ಕಿಲೋಮೀಟರಿನ ಓಟ. ಎಂಜಿನ್ ಬಿಸಿ ಆಗೋದರೊಳಗೆ ಊರೇ ಮುಗಿದಿರುತ್ತೆ. ಮಸಿ ಸುಡೋಕೆ ಶುರು ಮಾಡಿರುತ್ತೆ, ನಾವು ಕೀ ತಿರುಗಿಸಿ ಇಳಿದಿರ್ತೀವಿ. ಹೀಗೇ ಅರ್ಧಕ್ಕೆ ನಿಂತು ನಿಂತು ಫಿಲ್ಟರ್ ಕಟ್ಟಿಕೊಳ್ಳುತ್ತೆ. ಸುಡೋಕೆ ಅಂತ ಬಿಟ್ಟ ಡೀಸೆಲ್ಲಿನಲ್ಲಿ ಸ್ವಲ್ಪ ಎಂಜಿನ್ ಆಯಿಲಿಗೆ ಇಳಿದು ಆಯಿಲ್ ತೆಳ್ಳಗಾಗುತ್ತೆ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಮಟ್ಟ ಇಳಿಯೋ ಬದಲು ಏರಿದ್ದರೆ ಇದೇ ಕಾರಣ ಇರಬಹುದು, ಮೆಕ್ಯಾನಿಕ್‌ಗೆ ತೋರಿಸಿ.

ಅದಕ್ಕೇ ನಾನು ಹೇಳೋದು, ವಾರಕ್ಕೊಮ್ಮೆಯಾದರೂ ಎನ್‌ಎಚ್ 48ರಲ್ಲಿ ಚಿತ್ರದುರ್ಗದ ಕಡೆಗೋ ರಾಣೆಬೆನ್ನೂರಿನ ಕಡೆಗೋ ಅರ್ಧ ಗಂಟೆ ನಿಲ್ಲಿಸದೆ ಓಡಿಸೋ ಕೆಲಸ ಇದ್ದರೆ ಡೀಸೆಲ್ ತಗೊಳ್ಳಿ. ಇಲ್ಲವಾದರೆ ಪೆಟ್ರೋಲ್. ಮೈಲೇಜ್ ಕಮ್ಮಿ, ನಿಜ. ಆದರೆ ಡಿಪಿಎಫ್ ಬದಲಾಯಿಸೋ ಪರಿಸ್ಥಿತಿ ಬಂದರೆ ಉಳಿಸಿದ ಡೀಸೆಲ್ ದುಡ್ಡೆಲ್ಲ ಅಲ್ಲೇ ಹೋಗುತ್ತೆ. ಇನ್ನೊಂದು, ಆಯಿಲ್ ಹಾಕಿಸುವಾಗ ಡಿಪಿಎಫ್‌ಗೆ ಹೊಂದೋ, ಬೂದಿ ಕಮ್ಮಿ ಬಿಡೋ ಗ್ರೇಡ್ ಇದೆಯಾ ಅಂತ ಮ್ಯಾನ್ಯುಯಲ್ ನೋಡಿ ಹಾಕಿಸಿ. ಮಸಿಯನ್ನ ಸುಡಬಹುದು, ಬೂದಿಯನ್ನ ಸುಡೋಕಾಗಲ್ಲ.

ಈ 600 ಡಿಗ್ರಿ ವಿಷಯ ನಮ್ಮ ಜಿಲ್ಲೆಗಳವರು ಇನ್ನೊಂದು ಕಾರಣಕ್ಕೂ ನೆನಪಿಟ್ಟುಕೊಳ್ಳಬೇಕು. ಸುಗ್ಗಿ ಬಂತೆಂದರೆ ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ಕಡೆ ಹಳ್ಳಿ ರಸ್ತೆಗಳೇ ಕಣ. ರಾಗಿ, ಹುರುಳಿ ಎಲ್ಲ ಟಾರ್ ರಸ್ತೆ ಮೇಲೆ ಹರವಿರ್ತಾರೆ, ವಾಹನ ತುಳಿದು ಒಕ್ಕಣೆ ಆಗಲಿ ಅಂತ. ಬೈಕಿನವರು ಜಾರಿ ಬೀಳೋದು ಎಲ್ಲರಿಗೂ ಗೊತ್ತು. ಕಾರಿಗೆ ಏನಾಗುತ್ತೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹುರುಳಿ ಬಳ್ಳಿ ಉದ್ದ, ಒಣಗಿರುತ್ತೆ, ಚಕ್ರದ ಆಕ್ಸಲ್ಲಿಗೆ ಸುತ್ತಿಕೊಂಡು ಸೈಲೆನ್ಸರ್ ಪಕ್ಕ ಗಂಟಾಗಿ ಕೂರುತ್ತೆ. ಅದೇ ಹೊತ್ತಿಗೆ ಡಿಪಿಎಫ್ ಮಸಿ ಸುಡ್ತಾ ಇದ್ದರೆ? ಬೆಂಕಿ ಹತ್ತೋಕೆ ಕಿಡಿಯೇ ಬೇಕಿಲ್ಲ. ಹಂಗಾಗಿ ಸುಗ್ಗಿ ಕಾಲದಲ್ಲಿ ಬೇರೆ ದಾರಿ ಇದ್ದರೆ ಸುತ್ತು ಹಾಕಿ ಹೋಗಿ. ದಾಟಲೇಬೇಕಾದರೆ ದಾಟಿದ ಮೇಲೆ ಚೊಕ್ಕ ರಸ್ತೆಯಲ್ಲಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ. ಏನಾದರೂ ಸಿಕ್ಕಿಕೊಂಡಿದ್ದರೆ ಕೋಲಿನಿಂದ ಎಳೆದು ತೆಗೀರಿ, ಬರಿಗೈ ಹಾಕಬೇಡಿ. ಹುಲ್ಲಿನ ಮೇಲೆ, ಮೆಕ್ಕೆಜೋಳದ ರವದಿ ಮೇಲೆ ಗಾಡಿ ನಿಲ್ಲಿಸೋದಂತೂ ಬೇಡವೇ ಬೇಡ. ಬೆಂಕಿ ಆರಿಸೋ ಸಣ್ಣ ಸಿಲಿಂಡರ್ ಒಂದು ಡ್ರೈವರ್ ಸೀಟಿನ ಹತ್ತಿರ ಇರಲಿ. ಡಿಕ್ಕಿಯಲ್ಲಿ ಸಾಮಾನಿನ ಅಡಿ ಇದ್ದರೆ ಪ್ರಯೋಜನ ಇಲ್ಲ.

ಡೀಸೆಲ್ ತಗೊಂಡವರಿಗೆ ಆಡ್‌ಬ್ಲೂ ಅಂತ ಇನ್ನೊಂದು ಖರ್ಚಿದೆ. ಹೊಗೆಯಲ್ಲಿರೋ ವಿಷಾನಿಲ ಕಮ್ಮಿ ಮಾಡೋಕೆ ಬೇರೆ ಟ್ಯಾಂಕಿಗೆ ಹಾಕೋ ದ್ರವ ಅದು, ಯೂರಿಯಾ 32.5 ಪರ್ಸೆಂಟ್, ಮಿಕ್ಕಿದ್ದು ಶುದ್ಧ ನೀರು. ಅದು ಖಾಲಿಯಾದರೆ ಮೊದಲು ಎಚ್ಚರಿಕೆ ಕೊಡುತ್ತೆ, ಆಮೇಲೂ ಹಾಕದಿದ್ದರೆ ಗಾಡಿ ಮತ್ತೆ ಸ್ಟಾರ್ಟ್ ಆಗೋದಿಲ್ಲ. "ಯೂರಿಯಾ ತಾನೇ, ಮನೇಲಿ ಗೊಬ್ಬರದ ಚೀಲ ಐತಲ್ಲ" ಅಂತ ನಮ್ಮ ಕಡೆ ಯಾರಾದರೂ ಹೇಳೇ ಹೇಳ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಗೊಬ್ಬರದ ಯೂರಿಯಾದಲ್ಲಿ ಬೇರೆ ಅಂಶಗಳಿರುತ್ತವೆ, ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣ ತುಂಬಿರುತ್ತೆ, ಎರಡೂ ಸೇರಿ ಇಂಜೆಕ್ಟರನ್ನೂ ಕ್ಯಾಟಲಿಸ್ಟನ್ನೂ ಕೆಡಿಸುತ್ತವೆ. ಸೀಲ್ ಇರೋ ಕ್ಯಾನ್ ತಗೊಳ್ಳಿ, ತಾರೀಖು ನೋಡಿ, ಬಿಸಿಲಲ್ಲಿ ಇಡಬೇಡಿ. ರೇಡಿಯೇಟರಿಗೂ ಬೋರ್ ನೀರು ಹಾಕೋದು ಬೇಡ. ಕೂಲಂಟ್ ಕಂಪನಿ ಹೇಳಿದ್ದೇ ಇರಲಿ.

ಇನ್ನು ವೇರಿಯಂಟ್. ಟಾಪ್ ಎಂಡ್ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ತೀರಾ ಕೆಳಗಿನದೂ ಬೇಡ. ನಾವು ತಗೊಂಡ ಕಾಲಕ್ಕೆ ಎಎಕ್ಸ್3ರಲ್ಲಿ ಎರಡೇ ಏರ್‌ಬ್ಯಾಗ್ ಇದ್ದವು, ಎಎಕ್ಸ್5ಕ್ಕೆ ಬಂದರೆ ಕಿಟಕಿ ಉದ್ದಕ್ಕೂ ಬಿಚ್ಚೋ ಕರ್ಟನ್ ಏರ್‌ಬ್ಯಾಗ್ ಸಿಗುತ್ತಿತ್ತು. ಮನೆಮಂದಿಗೆ ಅಂತ ತಗೊಳ್ಳೋ ಗಾಡಿಯಲ್ಲಿ ಹಿಂದೆ ಕೂತವರ ತಲೆಗೆ ರಕ್ಷಣೆ ಇಲ್ಲ ಅಂದರೆ ಹೆಂಗೆ? ಈ ಗಾಡಿಗೆ 2021ರಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡೋ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರ ರಕ್ಷಣೆಗೆ ಐದು ಸ್ಟಾರ್, ಮಕ್ಕಳಿಗೆ ನಾಲ್ಕು ಸ್ಟಾರ್ ಕೊಟ್ಟಿತ್ತು. ಟಾಟಾ ಸಫಾರಿ 2023ರ ಕೊನೆಯಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲಿ ಎರಡಕ್ಕೂ ಐದು ತಗೊಂಡಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದನ್ನೂ ಒಮ್ಮೆ ಓಡಿಸಿ ನೋಡಿ ಅಂತ ನಾನೇ ಹೇಳ್ತೀನಿ.

ನಾವು ತಗೊಂಡ ಕಾಲಕ್ಕೆ ಟಾಪ್ ವೇರಿಯಂಟಿನ ಜೊತೆ 18 ಇಂಚಿನ ಚಕ್ರ ಬರುತ್ತಿತ್ತು, 235/60, ಅಂದರೆ ಟೈರಿನ ಅಗಲ 235 ಮಿ.ಮೀ., ಪಕ್ಕದ ಎತ್ತರ ಅದರ 60 ಪರ್ಸೆಂಟ್. ಕೆಳಗಿನದಕ್ಕೆ 17 ಇಂಚು, 235/65. ಲೆಕ್ಕ ಹಾಕಿದರೆ ಟೈರಿನ ಪಕ್ಕದ ಎತ್ತರ ಒಂದರಲ್ಲಿ 141 ಮಿ.ಮೀ., ಇನ್ನೊಂದರಲ್ಲಿ ಸುಮಾರು 153. ಒಂದು ಸೆಂಟಿಮೀಟರಿಗಿಂತ ಜಾಸ್ತಿ ರಬ್ಬರ್. ಭದ್ರಾ ಚಾನಲ್ ಪಕ್ಕದ ರಸ್ತೆಗಳಲ್ಲಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಕಿತ್ತುಹೋದ ದಾರಿಗಳಲ್ಲಿ, ಬಣ್ಣ ಹೊಡೆಯದ ಹಂಪುಗಳ ಮೇಲೆ ಆ ಒಂದು ಸೆಂಟಿಮೀಟರು ರಿಮ್ಮನ್ನೂ ಕಾಪಾಡುತ್ತೆ, ಹಿಂದೆ ಕೂತ ಅಜ್ಜಿಯ ಸೊಂಟವನ್ನೂ ಕಾಪಾಡುತ್ತೆ. ನೋಡೋಕೆ ದೊಡ್ಡ ಚಕ್ರವೇ ಚೆಂದ, ಒಪ್ಪಿಕೊಳ್ತೀನಿ. ಆದರೆ ದಿನಾ ಕೂರೋರು ನಾವು.

ಅಜ್ಜಿ ಅಂದೆನಲ್ಲ, ಗಾಡಿ ನೋಡೋಕೆ ಹೋದಾಗ ಅವರನ್ನ ಕರೆದುಕೊಂಡೇ ಹೋಗಿ. ಸೀರೆ ಉಟ್ಟವರು ಕಾಲೆತ್ತಿ ಹತ್ತೋಕಾಗುತ್ತಾ, ಹಿಡಿಕೆ ಕೈಗೆಟಕುತ್ತಾ, ಅಲ್ಲೇ ಗೊತ್ತಾಗುತ್ತೆ. ನಮ್ಮವ್ವ ಸೈಡ್ ಫುಟ್‌ಬೋರ್ಡ್ ಇಲ್ಲದೆ ಹತ್ತೋದಿಲ್ಲ. ಅದನ್ನ ಹಾಕಿಸಿದ ಮೇಲೆ ಯಾರ ಕೈಯೂ ಹಿಡೀದೆ ಹತ್ತಿ ಕೂರ್ತಾರೆ. ಮೂರನೇ ಸಾಲಿನಲ್ಲಿ ದೊಡ್ಡವರು ಹರಿಹರದ ತನಕ ಕೂರಬಹುದು, ಬೆಂಗಳೂರಿನ ತನಕ ಬೇಡ. ಅದು ಮಕ್ಕಳ ಜಾಗ. ಮೂರೂ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಎರಡು ಸಣ್ಣ ಬ್ಯಾಗಿಗಷ್ಟೇ ಜಾಗ ಅನ್ನೋದೂ ಗೊತ್ತಿರಲಿ. ನಾಯಕನಹಟ್ಟಿ ಜಾತ್ರೆಗೆ ಹೋಗುವಾಗ ಅಡುಗೆ ಪಾತ್ರೆ ಎಲ್ಲಿಡೋದು ಅನ್ನೋ ಪ್ರಶ್ನೆ ಬಂದೇ ಬರುತ್ತೆ. ದಿನವೂ ಏಳು ಜನ ದೊಡ್ಡವರೇ ಆದರೆ ಇನೋವಾ ನೋಡಿ, ಅದರ ಮೂರನೇ ಸಾಲೇ ಬೇರೆ.

ದುಡ್ಡಿನ ವಿಷಯ ಸ್ವಲ್ಪ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ 10 ಲಕ್ಷದಿಂದ 20 ಲಕ್ಷದ ಗಾಡಿಗೆ 17 ಪರ್ಸೆಂಟ್, 20 ದಾಟಿದರೆ 18, ಅದರ ಮೇಲೆ ಸೆಸ್ ಬೇರೆ. 20 ಲಕ್ಷದ ಗಡಿಯಲ್ಲಿರೋ ವೇರಿಯಂಟ್ ಆದರೆ ಒಂದು ಫೀಚರಿಗೋಸ್ಕರ ಗಡಿ ದಾಟಬೇಕಾ ಅಂತ ಯೋಚಿಸಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳಿಗೆ ಜಿಎಸ್‌ಟಿ 40 ಪರ್ಸೆಂಟ್ ಆಗಿದೆ. ಮುಂಚೆ ಸೆಸ್ ಸೇರಿ 50 ಇತ್ತು. ನಾಲ್ಕು ಮೀಟರ್ ಒಳಗಿನ ಸಣ್ಣ ಎಂಜಿನ್ ಗಾಡಿಗಳಿಗೆ 18 ಅಷ್ಟೇ. ನಾಲ್ಕೇ ಜನ ಇರೋ ಮನೆಯವರು ಈ ವ್ಯತ್ಯಾಸ ನೋಡಿಯೇ ಮುಂದುವರಿಯಿರಿ. 10 ಲಕ್ಷ ಮೀರಿದ ಗಾಡಿಗೆ ಶೋರೂಮಿನವರು ಆದಾಯ ತೆರಿಗೆಗೆ ಅಂತ ಮುಂಚೆಯೇ ಹಿಡಿಯೋ 1 ಪರ್ಸೆಂಟ್ ಟಿಸಿಎಸ್ ನಿಮ್ಮದೇ ದುಡ್ಡು, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ತಗೊಳ್ಳಿ. ಇನ್ಶೂರೆನ್ಸ್ ಶೋರೂಮಲ್ಲೇ ಮಾಡಿಸಬೇಕು ಅನ್ನೋ ಕಾನೂನು ಇಲ್ಲ. ನಾನು ಹೊರಗೆ ಕೇಳಿದ್ದಕ್ಕೆ ಅವರದೇ ದರ ಇಳೀತು. ಬದಲಾಯಿಸಿದ ಪಾರ್ಟಿಗೆ ಸವಕಳಿ ಕಳೆಯದೆ ದುಡ್ಡು ಕೊಡೋ ಜೀರೋ ಡೆಪ್ ಮಾತ್ರ ಬಿಡಬೇಡಿ. ಬಂಪರ್ ಮುಂದೆ ಬುಲ್ ಬಾರ್ ಅನ್ನೋ ಕಬ್ಬಿಣದ ಗಾರ್ಡ್ ಹಾಕಿಸಬೇಡಿ, 2017ರಿಂದಲೇ ಅದು ನಿಷೇಧ, ಡಿಕ್ಕಿ ಆದಾಗ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚದಂಗೆ ಮಾಡಬಹುದು.

ಟಾಪ್ ವೇರಿಯಂಟಿಗೆ ಹೋಗದೆ ಉಳಿದ ದುಡ್ಡನ್ನ ಟೈರಿಗೆ ಇಡಿ. 10,000 ಕಿ.ಮೀ.ಗೊಮ್ಮೆ ಟೈರ್ ಅದಲು ಬದಲು, ಅಲೈನ್‌ಮೆಂಟ್. ಗಾಳಿ ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಬೇಕು. ಏಪ್ರಿಲ್ ಮಧ್ಯಾಹ್ನ ಹೆಬ್ಬಾಳು ಟೋಲ್ ದಾಟಿ ಬಂದು ಬಿಸಿ ಟೈರಿಗೆ ಹಿಡಿದರೆ ಮೀಟರ್ ಜಾಸ್ತಿಯೇ ತೋರಿಸುತ್ತೆ, ಅದನ್ನ ನೋಡಿ ಗಾಳಿ ಬಿಟ್ಟರೆ ಅಪಾಯ. ಏಳು ಜನ ಕೂರೋ ದಿನಕ್ಕೆ ಎಷ್ಟಿರಬೇಕು ಅನ್ನೋದು ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿದೆ. ಹೊಸ ಟೈರ್ ಕೊಳ್ಳುವಾಗ ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿ. 2325 ಅಂತಿದ್ದರೆ 2025ರ 23ನೇ ವಾರದಲ್ಲಿ ಮಾಡಿದ್ದು. ಹಳೇ ಸ್ಟಾಕ್ ಕೊಟ್ಟರೆ ಬೇಡ ಅನ್ನಿ. ಅಂಗಡಿಯವರು ಬೇಜಾರು ಮಾಡ್ಕೊಳ್ಳಲ್ಲ, ಒಳಗಿಂದ ಹೊಸದು ತರ್ತಾರೆ.

ಇಲಿ ಕಾಟದ ಬಗ್ಗೆ ಹೇಳದಿದ್ದರೆ ದಾವಣಗೆರೆ ವಿಮರ್ಶೆ ಪೂರ್ತಿ ಆಗೋದಿಲ್ಲ. ಭತ್ತ, ಮೆಕ್ಕೆಜೋಳದ ಗೋದಾಮು ಪಕ್ಕದಲ್ಲಿದ್ದ ಮೇಲೆ ಇಲಿ ಬಾನೆಟ್ಟಿಗೆ ಬರೋದೇ. ಒಂದು ವೈರ್ ಕಡಿದರೆ ಸಾಕು, ಡ್ಯಾಶ್‌ಬೋರ್ಡಿನ ಲೈಟೆಲ್ಲ ಹತ್ತಿಕೊಳ್ಳುತ್ತೆ. ಕೆಲವರು ಹೊಗೆಸೊಪ್ಪು ಕಟ್ಟಿ ಇಡ್ತಾರೆ, ವಾಸನೆ ಹೋದ ಮೇಲೆ ಅದರಿಂದ ಏನೂ ಆಗೋದಿಲ್ಲ. ಗಾಡಿಯನ್ನ ದಿನಾ ಸ್ವಲ್ಪವಾದರೂ ಓಡಿಸೋದು, ರಾತ್ರಿ ಬಾನೆಟ್ ತೆಗೆದಿಟ್ಟು ಬೆಳಕು ಬಿಡೋದು, ಇವು ಕೆಲಸ ಮಾಡ್ತವೆ. ಮುಖ್ಯವಾಗಿ ಒಳಗೆ ತಿಂಡಿ ಚೂರು ಬಿಡಬೇಡಿ. ಮೂರನೇ ಸೀಟಿನ ಸಂದಿಯಲ್ಲಿ ಮಂಡಕ್ಕಿ ಬಿದ್ದಿದ್ದರೆ ಇಲಿ ಬಾನೆಟ್ಟಲ್ಲಿ ನಿಲ್ಲೋದಿಲ್ಲ, ಒಳಗೇ ಬರುತ್ತೆ.

ಸರ್ವಿಸ್ ಬಗ್ಗೆ ಒಂದೇ ಮಾತು. ಒಂದು ಸಲ ಒಂದು ಕಡೆ ಬಿಟ್ಟಾಗ ಬಿಲ್ಲಿನಲ್ಲಿ ನಾನು ಕೇಳದ ಎಂಜಿನ್ ಡ್ರೆಸ್ಸಿಂಗ್, ಎ.ಸಿ. ಕ್ಲೀನಿಂಗ್ ಎಲ್ಲ ಸೇರಿತ್ತು. ಅವತ್ತಿನಿಂದ ಜಾಬ್ ಕಾರ್ಡ್ ಓದದೆ ಸಹಿ ಹಾಕೋದಿಲ್ಲ. ಏರ್ ಫಿಲ್ಟರ್ ಮಾತ್ರ ನಮ್ಮ ಧೂಳಿಗೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ನೋಡಿಸಬೇಕು. ಚಿತ್ರದುರ್ಗದ ಕಡೆ ಬೇಸಿಗೆಯಲ್ಲಿ ಹಳ್ಳಿ ಸುತ್ತೋರಂತೂ ಇನ್ನೂ ಬೇಗ.

ಟೋಲಿಗೆ 2025ರ ಆಗಸ್ಟ್‌ನಿಂದ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಬಂದಿದೆ, ಶುರುವಿನಲ್ಲಿ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಡೀಸೆಲ್ ಗಾಡಿ ಇಟ್ಟುಕೊಂಡು ಆಗಾಗ ಎನ್‌ಎಚ್ 48 ಹತ್ತೋರಿಗೆ ಇದು ನಿಜವಾಗಿ ಉಪಯೋಗ.

ಇದೇ ಗಾಡಿಯನ್ನ ಸೆಕೆಂಡ್ ಹ್ಯಾಂಡ್ ನೋಡ್ತಿದ್ದರೆ, ಮಾರೋರು ಅದನ್ನ ಬರೀ ಸಿಟಿಯಲ್ಲಿ ಓಡಿಸಿದ್ದಾರಾ ಅಂತ ಮೊದಲು ತಿಳ್ಕೊಳ್ಳಿ. "ಸಿಟಿ ಯೂಸ್ ಅಷ್ಟೇ, ಕಮ್ಮಿ ಓಡಿದೆ" ಅನ್ನೋದು ಡೀಸೆಲ್ಲಿಗೆ ಹೊಗಳಿಕೆ ಅಲ್ಲ. ಸರ್ವಿಸ್ ಹಿಸ್ಟರಿ, ಇನ್ಶೂರೆನ್ಸ್ ಕ್ಲೇಮ್ ತರಿಸಿ ನೋಡಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನೀವೇ ಸ್ಟಾರ್ಟ್ ಮಾಡಿ, ಬಾತಿ ದಾಟಿ ಹರಿಹರದ ತನಕ ಓಡಿಸಿ ಬನ್ನಿ. ನೀವು ಹೋಗೋದರೊಳಗೆ ಅವರೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ, ನಾಳೆ ಬರ್ತೀನಿ ಅಂತ ಹೇಳಿ ವಾಪಸ್ ಬನ್ನಿ.